ಪಾರವ್ವ ಹತ್ತದ ಗಾಡಿ

ಗದಗ, ೨೧೮೭, ವೈಶಾಖದ ನಲವತ್ತೊಂದನೆಯ ದಿನ

ನಿಮ್ಮ ಕಾಲದಲ್ಲಿ ಅಕ್ಯುಪಂಕ್ಚರ್ ಸೂಜಿ ಹಿಡಿದಿರುವ ಹಿರಿಯರಿಗೆ,

ತಾರೀಖು ತಪ್ಪಿಲ್ಲ, ನಮ್ಮ ಬೇಸಿಗೆಯ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ಕೆಲವು ಮಾತು ಅಪರಿಚಿತವೆನಿಸಿದರೆ ಕ್ಷಮಿಸಿ. ನಾನು ಮಹಾನಂದಾ, ಗದಗ ನಿಲ್ದಾಣದ ಪಕ್ಕದ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸೂಜಿ ಚಿಕಿತ್ಸೆ ಮಾಡುತ್ತಿದ್ದೇನೆ. ಬೆಳಗಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕ್ಯಾನ್ಸರ್ ಆಸ್ಪತ್ರೆ ಹಳಿಯ ಮೇಲಿದೆ. ಮದ್ದಿನಗಾಡಿ ಎನ್ನುತ್ತೇವೆ: ಹನ್ನೊಂದು ಬೋಗಿಗಳ ರೈಲು, ಇಪ್ಪತ್ತೊಂದು ದಿನಕ್ಕೊಮ್ಮೆ ಬಂದು ಎರಡು ದಿನ ನಿಂತು ಹೋಗುತ್ತದೆ. ಆಗ ಪ್ಲಾಟ್‌ಫಾರ್ಮಿನ ಮೇಲೆ ಬಿಸಿಲು ಹೀರಿ ತಂಪು ಬಿಡುವ ನೆರಳುಬಟ್ಟೆ ಕಟ್ಟುತ್ತಾರೆ. ಅದರಡಿ ಹೆಂಗಸರು ತಲೆಗೆ ವಸ್ತ್ರ ಸುತ್ತಿಕೊಂಡು, ಗಂಜಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ರಕ್ತದ ವರದಿಗೆ ಕಾಯುತ್ತಾರೆ.

ಬೆಟಗೇರಿಯ ನೇಕಾರ್ತಿ ಪಾರವ್ವ ಅವರಲ್ಲೊಬ್ಬಳು. ಎಡ ಸ್ತನದ ಗಂಟನ್ನೂ ಆ ಕಡೆಯ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಆಮೇಲೆ ಆರು ಸಲ ಕೀಮೋ ಆಗಬೇಕಿತ್ತು. ಮೊದಲ ಸಲವೇ ನಾಲ್ಕು ದಿನ ವಾಂತಿಯಾಗಿ ನನ್ನ ಬಳಿ ಬಂದಳು. ಮಣಿಕಟ್ಟಿಗೆ ಸೂಜಿ ಹಾಕಿದೆ. ಎರಡನೆಯ ಸಲ ರೊಟ್ಟಿ ತಿಂದಳು. ಮೂರನೆಯದಾದ ಮೇಲೆ ನಗುತ್ತ ಬಂದು ಹೇಳಿದಳು: "ನಿಮ್ಮ ಸೂಜೀಲೇ ನನಗ ಆರಾಮ ಆಗೇತ್ರಿ ಅಕ್ಕಾರ. ಇನ್ನ ಆ ಗಾಡಿ ಹತ್ತೂದಿಲ್ಲ."

ನಾನು ಏನೂ ಹೇಳಲಿಲ್ಲ. ಹೊಗಳಿಕೆ ಹಿತವಾಗಿತ್ತು. ಆ ಮದ್ದು ಮೈಯೊಳಗೆ ಏನು ಮಾಡುತ್ತದೆಂದು ಹತ್ತೊಂಬತ್ತು ವರ್ಷದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ.

ಗಾಡಿ ಬಂತು. ಪಾರವ್ವ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ತಡೆಯಲಾರದೆ ನಾನೇ ಗಾಡಿ ಹತ್ತಿ, ಡಾಕ್ಟರ್ ಫರ್ಜಾನಾ ಅಂಕಲಗಿಯವರ ಎದುರು ನಿಂತು, ನನಗೆ ಇದನ್ನೆಲ್ಲ ಕಲಿಸಿ ಎಂದೆ. ಅವರು ಮೊದಲು ನನ್ನನ್ನೇ ಕೇಳಿದರು: ಯಾವ ಕೈಗೆ ಸೂಜಿ ಹಾಕುತ್ತೀರಿ, ಹಾಕುವ ಮುಂಚೆ ಬಿಳಿ ರಕ್ತಕಣ ಎಷ್ಟಿತ್ತು? ಎರಡೂ ಕೈಗೆ ಹಾಕಿದ್ದೆ. ವರದಿ ನೋಡಿಯೇ ಇರಲಿಲ್ಲ. ಅವರು ಬೈಯದೆ ಕೂರಿಸಿ ತಿಳಿಸಿದರು. ಬಿಳಿಕಣ ತೀರಾ ಇಳಿದಾಗ ಸೂಜಿಯ ತೂತೂ ಸೋಂಕಿಗೆ ದಾರಿಯಾಗಬಹುದು. ಗ್ರಂಥಿ ತೆಗೆದ ಕಡೆಯ ಕೈ ಬಾತುಕೊಳ್ಳಬಹುದು, ಅದಕ್ಕೆ ಸೂಜಿ ಮುಟ್ಟಿಸಬಾರದು. ಕಂಡ ಗಂಟನ್ನು ಶಸ್ತ್ರಚಿಕಿತ್ಸೆ ತೆಗೆಯುತ್ತದೆ, ಕಣ್ಣು ತಪ್ಪಿಸಿ ಉಳಿದಿರಬಹುದಾದ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲಲು ಈ ಮದ್ದು. ಕೊನೆಗೆ ಅಂದರು: "ವಾಂತಿ ನಿಂತ್ರ ರೋಗ ನಿಂತಂಗಲ್ರಿ. ವಾಂತಿ ನಿಲ್ಲಸೂದು ನಿಮ್ಮ ಕೈಯಾಗೈತಿ. ಆಕಿ ಗಾಡಿ ಹತ್ತುವಷ್ಟು ಗಟ್ಟಿ ಮಾಡ್ರಿ, ಉಳದದ್ದು ನಮಗ ಬಿಡ್ರಿ."

ಬೆಟಗೇರಿಗೆ ಓಡಿದೆ. ನನಗೆ ಗೊತ್ತಿರಲಿಲ್ಲ ಎಂಬುದನ್ನೂ ಸೇರಿಸಿ ಎಲ್ಲ ಹೇಳಿದೆ. ಪಾರವ್ವ ಮಗ್ಗ ನಿಲ್ಲಿಸಿದಳು.

"ಹಂಗಾರ ಅವತ್ತ ಯಾಕ ಸುಮ್ನಿದ್ರಿ?"

ಗಾಡಿ ಇನ್ನೂ ನಿಂತಿರಬಹುದು, ಬಾ ಎಂದು ಆಕೆಯನ್ನು ಎಬ್ಬಿಸಿದೆ. ನಾವಿಬ್ಬರೂ ನಿಲ್ದಾಣ ಮುಟ್ಟುವಷ್ಟರಲ್ಲಿ ಗಾಡಿ ಹೋಗಿತ್ತು.

ಉಳಿದ ಮೂರು ಸಲವನ್ನು ಆಕೆ ಮೂರು ವಾರ ತಡವಾಗಿ ಮುಗಿಸಿದಳು. ಪ್ರತಿ ಸಲವೂ ವರದಿ ನೋಡಿ, ಡಾಕ್ಟರನ್ನು ಕೇಳಿ, ಬಲಗೈಗೆ ಮಾತ್ರ ಸೂಜಿ ಹಾಕಿದೆ. ಆ ಮೂರು ವಾರ ಏನಾದರೂ ಕೆಡಿಸಿರಬಹುದೇ ಎಂದು ಕೇಳಿದಾಗ ಡಾಕ್ಟರ್ ಸುಳ್ಳು ಹೇಳಲಿಲ್ಲ, ಹೇಳಲಾಗದು ಎಂದರು. ನಾಳೆ ಪಾರವ್ವನಿಗೆ ರೋಗ ಮರಳಿದೆಯೇ ಎಂದು ನೋಡುವ ವರ್ಷದ ತಪಾಸಣೆ.

ಹಿರಿಯರೇ, ನಿಮ್ಮ ಊರಿನ ಆಸ್ಪತ್ರೆ ಗಾಲಿ ಕಟ್ಟಿಕೊಂಡು ಹೊರಟುಹೋಗುವುದಿಲ್ಲ. ಇವತ್ತೇ ಹೋಗಿ ಕೇಳಿ. ಗೊತ್ತಿಲ್ಲವೆನ್ನಲು ನಾಚಬೇಡಿ.

ಈಗಷ್ಟೇ ಪಾರವ್ವ ಹೇಳಿಕಳಿಸಿದ್ದಾಳೆ, ನಾಳೆ ಸೂಜಿ ಬೇಡವಂತೆ, ಬಾಜೂಕ ಕುಂಡ್ರಾಕ ಬರ್ರಿ ಅಂತ. ಹೋಗಿ ಪಕ್ಕದಲ್ಲಿ ಕೂರುತ್ತೇನೆ.

ಮಹಾನಂದಾ