ಅಮ್ಮನಿಗೆ ಯಾವ ಇಂಜಿನ್?

ಮಾರ್ಚ್ 3, ಸೋಮವಾರ

ಗ್ಯಾರೇಜಿನಲ್ಲಿ ಐದು ಗಾಡಿ ಸರ್ವೀಸ್. ಉಗುರಿನ ಗ್ರೀಸ್ ಇನ್ನೂ ಹೋಗಿಲ್ಲ.

ಅಪ್ಪನ ಕಣ್ಣಿನ ರಿಪೋರ್ಟ್ ಬಂತು. ಇನ್ನು ಗಾಡಿ ಮುಟ್ಟುವಂತಿಲ್ಲ — ಡಾಕ್ಟರ್ ಖಡಾಖಂಡಿತ. ಅಮ್ಮನಿಗೆ ಆಸ್ಪತ್ರೆ ಅಡುಗೆಮನೆ ಕೆಲಸ. ಬೆಳಗಿನ ಐದಕ್ಕೆ ಒಲೆ ಹಚ್ಚಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಇಷ್ಟು ವರ್ಷ ಅಪ್ಪನೇ ಬಿಡುತ್ತಿದ್ದರು. ಈ ತಿಂಗಳು ನಾನು ಬಿಡಬಹುದು. ಏಪ್ರಿಲಿಂದ ನನಗೆ ಬೇರೆ ಊರಿನ ಬ್ರಾಂಚು.

"ಕೆಲಸ ಮಾತ್ರ ಬಿಡಲ್ಲ. ನಂಗೇ ಗಾಡಿ ಕಲಿಸು" ಅಂದಳು ಅಮ್ಮ.

ಕಲಿಸಿದರಾಯ್ತು. ಅದೇನು ಬ್ರಹ್ಮವಿದ್ಯೆಯೇ!

ಮಾರ್ಚ್ 5

ಯಾವುದರಲ್ಲಿ ಕಲಿಸುವುದು? ನನ್ನ ಬೈಕ್ — ಫೋರ್ ಸ್ಟ್ರೋಕ್. ಸಾಧು ಸ್ವಭಾವ, ಕುಡಿಯುವುದೂ ಕಮ್ಮಿ. ಆದರೆ ಎತ್ತರ, ಗೇರು ಬೇರೆ ಕಾಲಲ್ಲಿ. ಬೇಡ. ಅಪ್ಪನ ಹಳೇ ಸ್ಕೂಟರ್ — ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಬೀದಿಯೆಲ್ಲ ಹೊಗೆ, ಕ್ಲಚ್ಚೂ ಗೇರೂ ಎಡಗೈಯಲ್ಲೇ. ಏರಿನಲ್ಲಿ ಹುಲಿ, ಒಪ್ಪಿದೆ. ಗೇರಿಲ್ಲದ ಸ್ಕೂಟರ್ — ಎಲ್ಲಾ ಬೆಲ್ಟೇ ನೋಡಿಕೊಳ್ಳುತ್ತೆ. ಹಿಡಿ, ತಿರುಗಿಸು, ಹೋಗು. ಇದೇ ಸರಿ.

ಅಪ್ಪನ ತಕರಾರು: "ಗೇರಿಲ್ಲದ್ದೂ ಒಂದು ಗಾಡಿನೇನೇ? ಮಿಕ್ಸಿ ಕಣೇ ಅದು."

ಹೇಳಿಕೊಳ್ಳಲಿ. ಇಂಜಿನ್ ವಿಷಯದಲ್ಲಿ ಈ ಮನೆಯಲ್ಲಿ ಕೊನೇ ಮಾತು ನನ್ನದು.

ಮಾರ್ಚ್ 9, ಭಾನುವಾರ

ಗ್ಯಾರೇಜಿನಿಂದ ಗೇರಿಲ್ಲದ ಸ್ಕೂಟರ್ ತಂದೆ. ಶಾಲೆ ಮೈದಾನ. ಬ್ಯಾಲೆನ್ಸ್ ಚೆನ್ನಾಗಿದೆ. ಆದರೆ ಹೋಗ್ತಾ ಹೋಗ್ತಾ ಆಕ್ಸಿಲರೇಟರ್ ಬಿಟ್ಟುಬಿಡ್ತಾಳೆ. ಮತ್ತೆ ಕೊಡ್ತಾಳೆ. ಗಾಡಿ ಮುಗ್ಗರಿಸುತ್ತೆ.

"ಒಂದೇ ಸಮ ಕೊಡಮ್ಮಾ!"

"ಕೊಡ್ತಾನೇ ಇದೀನಲ್ಲೇ!"

ಮಾರ್ಚ್ 16

ಮತ್ತೆ ಅದೇ. ಇವತ್ತು ಬಿದ್ದಳು, ಮೊಣಕೈ ತರಚಿತು. "ಇಷ್ಟು ಭಯ ಇದ್ರೆ ಬಿಟ್ಬಿಡು" ಅಂದುಬಿಟ್ಟೆ. ಮನೆಗೆ ನಡೆದೇ ಹೋದಳು. ನನ್ನ ನಾಲಿಗೆಗೆ ಬ್ರೇಕೇ ಇಲ್ಲ.

ಮಾರ್ಚ್ 18

ಕಾಲು ಹಿಡಿಯುವುದೊಂದು ಬಾಕಿ — ಅಷ್ಟು ಬೇಡಿ ಕರೆತಂದೆ. ಹಿಂದೆ ಕೂತೆ. ಹೊರಟಳು... ಆಕ್ಸಿಲರೇಟರ್ ಬಿಟ್ಟಳು. ಸ್ವಲ್ಪ ಸ್ಪೀಡಾಯ್ತು... ಬಿಟ್ಟಳು. ಥಟ್ಟನೆ ಹೊಳೆಯಿತು. ಮೊದಲನೆಯದು ಫಸ್ಟ್ ಗೇರು ಮುಗಿಯುವ ಜಾಗ. ಎರಡನೆಯದು ಸೆಕೆಂಡ್ ಮುಗಿಯುವ ಜಾಗ. ಇಷ್ಟು ವರ್ಷ ಅಪ್ಪನ ಹಿಂದೆ ಕೂತು ಕೂತು, ಗೇರು ಬೀಳುವ ಹೊತ್ತು ಮೈಗೇ ಹತ್ತಿಬಿಟ್ಟಿದೆ!

"ಇದರ ದನಿ ಬದಲಾಗೋದೇ ಇಲ್ಲ ಕಣೇ. ಎಷ್ಟು ಜೋರು ಹೋಗ್ತಿದೀನಿ ಅಂತಾನೇ ಗೊತ್ತಾಗಲ್ಲ."

ಭಯವಲ್ಲ. ಪೆದ್ದಿ ನಾನು.

ಸಂಜೆ ಅಪ್ಪನ ಸ್ಕೂಟರ್ ತೆಗೆದು ಅಮ್ಮನಿಗೆ ಕೊಟ್ಟೆ. ಮೊದಮೊದಲು ಕ್ಲಚ್ ಬಿಟ್ಟಾಗಲೆಲ್ಲ ಇಂಜಿನ್ ಆಫ್. ಆಮೇಲೆ ಹೊರಟಿತು — ಫಸ್ಟ್, ಸೆಕೆಂಡ್, ಥರ್ಡ್. ಬೆಣ್ಣೆ! ಅಪ್ಪನ ಬೀಗುವಿಕೆ ನೋಡಲಾಗುತ್ತಿಲ್ಲ.

ಮಾರ್ಚ್ 31, ಬೆಳಗ್ಗೆ 4:30

ಅಮ್ಮ ಒಬ್ಬಳೇ ಹೊರಟಳು. ಎಲ್ ಬೋರ್ಡು, ಹೆಲ್ಮೆಟ್ಟು, ಹೊಗೆ. ನಾನೂ ಅಪ್ಪನೂ ಮೆಟ್ಟಿಲ ಮೇಲೆ, ಇಂಜಿನ್ ದನಿಗೆ ಕಿವಿಗೊಟ್ಟು. ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ.

"ಸೆಕೆಂಡು," ಅಂದರು ಅಪ್ಪ. ಬಿತ್ತು. "ಥರ್ಡು." ಬಿತ್ತು.

ಇನ್ನು ಆಸ್ಪತ್ರೆ ಏರು. ಅಲ್ಲಿ ಗೇರು ಇಳಿಸಬೇಕು. ದೇವರೇ, ಮೈದಾನದಲ್ಲಿ ಏರೆಲ್ಲಿದೆ? ಅದನ್ನು ಕಲಿಸಲೇ ಇಲ್ಲ! ಇಂಜಿನ್ ಏದುತ್ತಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದಿದ್ದಾರೆ...

ಇಳಿಸಿದಳು! ಸೆಕೆಂಡಿಗೆ!

"ನಾನೂ ಅಲ್ಲೇ ಇಳಿಸ್ತಿದ್ದೆ" ಅಂದರು ಅಪ್ಪ. ಅಳುತ್ತಿದ್ದಾರೆ. ಅಮ್ಮ ಏರು ಹತ್ತುತ್ತಿದ್ದಾಳೆ, ಇನ್ನೂ ಕೇಳಿಸ್ತಿದೆ, ಈಗ ಮತ್ತೆ ಥರ್ಡಿಗೆ—