ನಳಿಕೆಯ ಬಾಯಲ್ಲಿ ಸೇವಂತಿಗೆ

೨೮ ಸೆಪ್ಟೆಂಬರ್ ೨೦೨೫, ಭಾನುವಾರ

ಇಂದೂ ಅದೇ. ಗುರಿಯಲ್ಲಿ ಕೈ ಅಲುಗದಿರಲೆಂದು ಬೆಳಿಗ್ಗೆ ನೀರು ತುಂಬಿದ ಬಾಟಲಿ ಹಿಡಿದು ಕೈ ಚಾಚಿ ನಿಂತೆ. ಒಂದೊಂದು ನಿಮಿಷ, ಮೂವತ್ತು ಸಲ. ಆಮೇಲೆ ಬೈಕ್ ಹತ್ತಿ ಬೈಲಹೊಂಗಲದಿಂದ ಕಿತ್ತೂರಿಗೆ, ಹೈವೇ ಪಕ್ಕದ ನಮ್ಮ ಶೂಟಿಂಗ್ ಕ್ಲಬ್ಬಿಗೆ.

ನವೆಂಬರಿನಲ್ಲಿ ಫ್ರೀ ಪಿಸ್ತೂಲ್ ಎಂಬ ಸ್ಪರ್ಧೆಗೆ ಆಯ್ಕೆಯ ಟ್ರಯಲ್. ಐವತ್ತು ಮೀಟರ್ ದೂರ, ಒಂದು ಸಲಕ್ಕೆ ಒಂದೇ ಗುಂಡು, ಟ್ರಿಗರ್ ಎಷ್ಟು ಹಗುರವೆಂದರೆ ನೊಣ ಕೂತರೂ ಸಾಕು. ಕ್ಲಬ್ಬಿನಿಂದ ನಾನೊಬ್ಬನೇ ಹೋಗುವವನು. ಕ್ಲಬ್ಬಿನಲ್ಲಿ ಇರುವುದು ಏರ್ ಪಿಸ್ತೂಲ್ ಮಾತ್ರ! ಈಗ ಈ ಸ್ಪರ್ಧೆಯ ಎರಡು ಪಿಸ್ತೂಲ್ ಸಿಗುತ್ತವೆ, ಒಂದನ್ನು ಆರಿಸಬೇಕು. ಒಂದು ಪುಣೆಯ ಮೃಣಾಲಿನಿ ಮೇಡಂ ಮಾರುತ್ತಿರುವುದು. ಇನ್ನೊಂದು ನಮ್ಮೂರಿನ ನೀಲಕಂಠ ಕಾಕಾ ಪುಕ್ಕಟೆ ಕೊಡುತ್ತೇನೆ ಎಂದಿರುವುದು. ಕಾಕಾ ರಿಟೈರ್ಡ್ ಎಂಜಿನಿಯರ್, ಒಂದು ಕಾಲಕ್ಕೆ ರಾಜ್ಯದ ಶೂಟರ್.

ಸೆಕ್ರೆಟರಿ ಸಚಿನ ಆಗಲೇ ಆರಿಸಿಬಿಟ್ಟಿದ್ದಾನೆ. "ಪುಕ್ಕಟೆ ಬಂದದ್ದು ಬಿಟ್ಟು ರೊಕ್ಕಾ ಕೊಟ್ಟು ಯಾಕ ತರಬೇಕೋ? ದಾನಿಗಳು ಕೊಟ್ಟದ್ರಾಗ ಗೇಟಿಗೆ ಕಮಾನು ಕಟ್ಟೂಣು. ಹೈವೇದಾಗ ಹೋಗೂ ಮಂದಿಗೆ ಕಾಣಬೇಕು."

"ಗುಂಡು ಹೊಡಿಯೂದು ಟಾರ್ಗೆಟ್ಟಿಗೆರಿ, ಹೈವೇಕ್ಕಲ್ಲ," ಎಂದೆ.

ಕೋಚ್ ಬಸವಲಿಂಗ ಸರ್ ನಡುವೆ ಬಂದರು. ಎರಡನ್ನೂ ಹೊಡೆದು ನೋಡಿ ಕಲ್ಮೇಶ ರಿಪೋರ್ಟ್ ಬರೆಯಲಿ, ಆಮೇಲೆ ಕಮಿಟಿ ನೋಡಲಿ ಎಂದು ನನ್ನತ್ತ ಕೈ ತೋರಿಸಿದರು. ಸಚಿನ ನಕ್ಕ. "ಎಸ್ಸೆಸ್ಸೆಲ್ಸಿ ಪೇಪರ್ ಬರಿಯಾಕ ಆಗಲಿಲ್ಲ, ರಿಪೋರ್ಟ್ ಬರಿತಾನಂತ!"

ಬರೆಯಲು ಬಾರದೆ ಬಿಟ್ಟವನಲ್ಲ ನಾನು. ಪರೀಕ್ಷೆಯಲ್ಲಿ ಕಿಟಕಿಯಾಚೆಯಿಂದ ಯಾರೋ ಎಲ್ಲರಿಗೂ ಉತ್ತರ ಓದಿ ಹೇಳಿದರು. ಒಂದನ್ನು ನಾನೂ ಬರೆದುಕೊಂಡೆ. ಹೊಟ್ಟೆಯಲ್ಲಿ ಉಳಿಯಲಿಲ್ಲ. ನಕಲು ಹಿಡಿಯುವ ಸ್ಕ್ವಾಡಿನವರು ಬಂದಾಗ ಎಲ್ಲ ಹೇಳಿದೆ, ನನ್ನದನ್ನೂ ಸೇರಿಸಿ. ನನ್ನನ್ನೇ ಡಿಬಾರ್ ಮಾಡಿದರು, ಶಾಲೆ ಅಲ್ಲಿಗೆ ಮುಗಿಯಿತು. ಸಿಟ್ಟು ಮುಗಿದಿಲ್ಲ.

೧ ಅಕ್ಟೋಬರ್, ಖಂಡೇನವಮಿ

ಆಯುಧಪೂಜೆ, ಲೇಥ್ ಬಂದ್. ನಾನು ಲೇಥ್ ನಡೆಸುವ ವರ್ಕ್‌ಶಾಪಿನ ಮಾಲಕ ಭರಮಪ್ಪ ಮಾಮಾ ಮಷೀನುಗಳಿಗೆಲ್ಲ ವಿಭೂತಿ ಬಳಿದರು. ಪ್ರಸಾದ ತಿಂದು ನೀಲಕಂಠ ಕಾಕಾರ ಮನೆಗೆ ಹೋದೆ, ಪಿಸ್ತೂಲ್ ನೋಡಲು.

ಮುಟ್ಟಲು ಬಿಡಲಿಲ್ಲ. ಅದು ದೇವರ ಮುಂದಿತ್ತು. ಕಾಕಾರ ಹೆಂಡತಿ ಭಾಗೀರಥಿಬಾಯಿ ಕಾಕೂ ಅದರ ನಳಿಕೆ ಮೇಲೆ ಮಾಡಿ ಗೋಡೆಗೆ ಒರಗಿಸಿದ್ದರು. ಕುಂಕುಮ ಹಚ್ಚಿದರು. ಕಾಯಿ ಒಡೆದು ನೀರು ಚಿಮುಕಿಸಿದರು. ಕೊನೆಗೆ ಒಂದು ಹಳದಿ ಸೇವಂತಿಗೆಯನ್ನು ನೀರಲ್ಲಿ ಅದ್ದಿ, ದೇಟನ್ನು ನಳಿಕೆಯ ಬಾಯೊಳಗೆ ಇಳಿಬಿಟ್ಟರು.

"ಇಪ್ಪತ್ತಾರು ವರ್ಷ ಆತಪಾ, ಒಂದ ವರ್ಷನೂ ತಪ್ಪಿಸಿಲ್ಲ. ನಾಳೆ ಮುಂಜಾನಿ ತನಕಾ ಹಿಂಗಽ ಇರಬೇಕು. ಇವರು ಕಣ್ಣು ಮಂದ ಆದ್ವು ಅಂತ ಶೂಟಿಂಗ್ ಬಿಟ್ರು. ನಾ ಪೂಜಾ ಬಿಡಲಿಲ್ಲ." ಎಲೆಗೆ ಹೋಳಿಗೆ ಬಿತ್ತು. "ತಿನ್ನು, ತಿನ್ನು. ಹಿಂಗ ಸೊರಗಿದ್ರ ಪಿಸ್ತೂಲಽ ನಿನ್ನ ಎತ್ತಬೇಕಾಗ್ತದ."

ಕಾಕಾ ಮೂಲೆಯಲ್ಲಿ ಕೂತು ಪಂಚಾಂಗ ಓದುತ್ತಿದ್ದರು. ಆ ಇರುವೆಯಂಥ ಅಕ್ಷರ. ಕನ್ನಡಕ ಇರಲಿಲ್ಲ. ಕಣ್ಣು ಮಂದ? ಕೇಳಬೇಕೆನಿಸಿತು. ಬಾಯಿ ತುಂಬ ಹೋಳಿಗೆ.

೫ ಅಕ್ಟೋಬರ್, ಸಂಜೆ

ಲೈಸನ್ಸಿನ ಕಾಗದವೆಲ್ಲ ಸರ್ ನೋಡಿಕೊಂಡರು. ಕಾಕಾರದನ್ನು ಮೊನ್ನೆ ನಾನೇ ಹೋಗಿ ತಂದಿದ್ದೆ. ಇಂದು ಎರಡೂ ಪಿಸ್ತೂಲ್ ಹೊಡೆದೆ.

ಮೊದಲು ಕಾಕಾರದು. ಮರದ ಹಿಡಿ ಅಂಗೈಯಲ್ಲಿ ಕೂತ ರೀತಿ... ಯಾರೋ ನನ್ನ ಕೈ ಹಿಡಿದುಕೊಂಡಂತೆ. ಇದೇ ಬೇಕು ಅನ್ನಿಸಿತು. ಮರಳಿನ ಚೀಲದ ಮೇಲೆ ಕೈ ಊರಿ ಹತ್ತು ಗುಂಡು ಹೊಡೆದೆ. ಜೋಳದ ರೊಟ್ಟಿಯಗಲ ಚದುರಿದವು!

"ನಿನ್ನ ಸಿಟ್ಟಿನ ಕೈ ಇರಬೇಕು, ಆ ಕಡೆ ಸರಿ," ಎಂದು ಸರ್ ತಾವೇ ಹತ್ತು ಹೊಡೆದರು. ಅವರದೂ ರೊಟ್ಟಿ.

ಮೃಣಾಲಿನಿ ಮೇಡಂ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಇಳಿದಿದ್ದರು. ಅವರ ಪಿಸ್ತೂಲಿನ ಹಿಡಿ ನನಗೆ ಚಿಕ್ಕದು, ಹೆಬ್ಬೆರಳಿನ ಬುಡ ಒತ್ತುತ್ತದೆ. ಹತ್ತು ಗುಂಡು. ಹತ್ತರ ಮೇಲೂ ಒಂದು ಧಾರವಾಡ ಪೇಡೆ ಇಟ್ಟರೆ ಮುಚ್ಚಿಹೋಗುತ್ತದೆ. ಹಿಡಿ ಮರದ್ದು, ಕೆತ್ತಿಕೊಳ್ಳಬಹುದು. ನಳಿಕೆಯನ್ನು ಕೆತ್ತಲಾಗದು.

ಕಾಕಾರದನ್ನು ಖಾಲಿ ಮಾಡಿ, ತೆರೆದು, ಹಿಂದಿನಿಂದ ಟಾರ್ಚ್ ಹಿಡಿದೆ. ನಳಿಕೆಯುದ್ದಕ್ಕೂ ಕನ್ನಡಿ. ಬಾಯಿಯ ಹತ್ತಿರ ಮಾತ್ರ ಒಂದು ಉಗುರಿನಷ್ಟು ತುಕ್ಕು, ಗುಳಿ ಗುಳಿ. ಗುಂಡು ಹೊರಬೀಳುವ ಜಾಗದಲ್ಲೇ. ಹತ್ತಿಯ ಕಡ್ಡಿ ಆಡಿಸಿದೆ. ಕೆಂಪು ಪುಡಿ ಬಂತು. ನಳಿಕೆಯ ಹೊರಗೆ, ಗುರಿ ಹಿಡಿಯುವ ಕಡ್ಡಿಯ ಸಂದಿನಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು, ಹಳದಿ.

ಹೂವಿನ ಎಸಳು.

ಎರಡೂ ಟಾರ್ಗೆಟ್ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

೬ ಅಕ್ಟೋಬರ್

ರಿಪೋರ್ಟ್ ಕೊಟ್ಟೆ. ಮೂರು ಸಾಲು. ನೀಲಕಂಠ ಕಾಕಾರ ಪಿಸ್ತೂಲಿನ ನಳಿಕೆಯ ಬಾಯಿ ತುಕ್ಕು ತಿಂದಿದೆ. ಸ್ಪರ್ಧೆಗೆ ಬರುವುದಿಲ್ಲ. ಪುಣೆಯದು ತರಬೇಕು.

"ಚಲೋ ಐತಿ ಅಂತ ಬರದು ಸಹಿ ಮಾಡಿದ್ರ ನಿನ್ನ ಕೈ ಸವದ ಹೋಗತೈತೇನು?" ಸಚಿನ.

"ಹೂಂರಿ. ಸವೀತೈತಿ."

ತುಕ್ಕು ಯಾಕೆ ಹಿಡಿಯಿತು ಎಂದು ಬರೆಯಲಿಲ್ಲ. ಕಾಕೂ ನೆನಪಾದರು. ಅರ್ಧ ಬರೆದು ಅರ್ಧ ನುಂಗಿದ್ದು ಇದೇ ಮೊದಲು. ನನ್ನ ಮೇಲೇ ಸಿಟ್ಟು.

೯ ಅಕ್ಟೋಬರ್

ಕಾಕಾ ಕ್ಲಬ್ಬಿಗೆ ಬಂದರು. ಎಲ್ಲರ ಮುಂದೆ.

"ಇಪ್ಪತ್ತಾರು ವರ್ಷ ನನ್ನ ಕಪಾಟಿನ್ಯಾಗ ಇತ್ತು. ನನ್ನ ಕೈಯಾರೆ ಎಣ್ಣಿ ಹಚ್ಚೀನಿ. ಈ ಹುಡುಗನ ಕೈಗೆ ಕೊಟ್ಟು ಎಂಟ ದಿನಾ ಆಗಿಲ್ಲ, ತುಕ್ಕು ಅಂತಾನ! ಒದ್ದಿ ಅರಿವ್ಯಾಗ ಸುತ್ತಿ ಇಟ್ಟಿರಬೇಕು."

ನನ್ನ ಮುಖ ನೋಡದೆ ಹೇಳಿದರು. ಗೋಡೆಯ ಕ್ಯಾಲೆಂಡರಿಗೆ ಹೇಳಿದಂತೆ.

ಎಂಟು ದಿನಕ್ಕೆ ಅಂಥ ಗುಳಿ ಬೀಳುತ್ತದೆಯೇ? ಎಂಜಿನಿಯರಿಗೆ ಇಷ್ಟೂ ತಿಳಿಯದೇ? ಬಾಯಿವರೆಗೆ ಬಂತು, ಹೂವು ಎಂಬ ಮಾತು. ಹಲ್ಲು ಕಚ್ಚಿದೆ. ಸಚಿನನಿಗೆ ಹಬ್ಬ. ಹತ್ತೊಂಬತ್ತರ ಕಮಿಟಿ ಮೀಟಿಂಗ್ ತನಕ ನಾನು ರೇಂಜಿಗೆ ಕಾಲಿಡಬಾರದಂತೆ. ತಪ್ಪು ನನ್ನದೆಂದು ಆದರೆ ಟ್ರಯಲ್ಲೂ ಇಲ್ಲ, ಕ್ಲಬ್ಬೂ ಇಲ್ಲ.

ಮಧ್ಯಾಹ್ನ ಲೇಥಿನಲ್ಲಿ ಒಂದು ಶಾಫ್ಟ್ ಕೆಡಿಸಿದೆ. ಭರಮಪ್ಪ ಮಾಮಾ ಬೈಯಲಿಲ್ಲ. "ಲೇ ಕಲ್ಮ್ಯಾ, ಕಬ್ಬಿಣಾ ಏನ್ ಮಾಡೇತೋ ನಿನಗ? ಯಾರ ಮ್ಯಾಲ ಸಿಟ್ಟೈತಿ ಅವರ ಮನಿಗೇ ಹೋಗು."

೧೪ ಅಕ್ಟೋಬರ್

ಹೋಗಲಿಲ್ಲ. ಅವರೇ ಬಂದರು. ಕಾಕಾ, ಒಬ್ಬರೇ. ವರ್ಕ್‌ಶಾಪಿನ ಹಿಂದೆ ಕಬ್ಬಿಣದ ರಾಶಿಯ ಹತ್ತಿರ ನಿಂತು ನನ್ನನ್ನು ಕರೆದರು.

"ನೀ ಕೆಡಿಸಿಲ್ಲ ಅಂತ ನನಗ ಗೊತ್ತದ."

ಲೇಥಿನ ಸದ್ದಿನಲ್ಲಿ ತಪ್ಪಾಗಿ ಕೇಳಿತೇನೋ ಅಂದುಕೊಂಡೆ.

"ಮೊದಲನೇ ವರ್ಷ ಹೂವು ನೋಡಿ ಸುಮ್ಮನಾದೆ. ಅಷ್ಟು ಖುಷಿಲೆ ಇಟ್ಟಿದ್ಲು ಅಕಿ. ಎರಡನೇ ವರ್ಷ ಹೇಳಬೇಕಂದ್ರ ಮೊದಲನೇ ವರ್ಷದ್ದೂ ಹೇಳಬೇಕಾಗ್ತಿತ್ತು. ಹಂಗಽ ವರ್ಷ ಏರಿದ್ವು. ಗುಂಡು ಚದುರಲಿಕ್ಕೆ ಹತ್ತಿದ್ವು. ಕಣ್ಣು ಮಂದ ಆದ್ವು ಅಂದೆ. ಎಲ್ಲಾರೂ ನಂಬಿದ್ರು."

"ಮತ್ತ ನಮಗ್ಯಾಕ ಕೊಟ್ರಿ ಅದನ್ನ?"

"ಮನಿಯಿಂದ ಹೊರಗ ಹೋದ್ರ ಸಾಕಾಗಿತ್ತು. ಇಷ್ಟು ಒಳಗ ಇಣುಕಿ ಯಾರು ನೋಡ್ತಾರ ಅಂತ ತಿಳದಿದ್ದೆ."

ಅವರು ಬಂದ ಅಸಲು ಕಾರಣ ಆಮೇಲೆ ಹೊರಬಿತ್ತು. ಮೀಟಿಂಗಿನಲ್ಲಿ ನಾನು ಒಂದು ಮಾತು ಅನ್ನಬೇಕಂತೆ: ಒದ್ದೆ ಅರಿವೆಯಲ್ಲಿ ಸುತ್ತಿ ಇಟ್ಟಿದ್ದೆ, ತಪ್ಪಾಯಿತು. ಅಂದರೆ ಅವರು ಎಲ್ಲರ ಮುಂದೆ ಕ್ಷಮಿಸಿ, ಪುಣೆಯ ಪಿಸ್ತೂಲನ್ನು ತಾವೇ ಕ್ಲಬ್ಬಿಗೆ ಕೊಡಿಸುತ್ತಾರೆ. ನನ್ನ ಕೈಗೆ. ಕಾಕೂಗೆ ಏನೂ ತಿಳಿಯುವುದಿಲ್ಲ.

ಆ ಒಂದು ಪೇಡೆಯಡಿ ಅಡಗುವ ಹತ್ತು ತೂತು ಕಣ್ಣಿಗೆ ಬಂದವು. ಹೂಂ ಅನ್ನಬೇಕೆನಿಸಿತು. ಒಂದು ಕ್ಷಣವಲ್ಲ, ಬಹಳ ಹೊತ್ತು. ಇಲ್ಲಿ ಬರೆದಿಡುತ್ತೇನೆ.

"ಆಗೂದಿಲ್ರಿ ಕಾಕಾ. ನಾನಾಗಿ ಹೋಗಿ ಕಾಕೂಗ ಹೇಳೂದಿಲ್ಲ. ಆದ್ರ ಅವರು ಕೇಳಿದ್ರ ಸುಳ್ಳ ಹೇಳೂದಿಲ್ಲ."

"ಅಕಿ ಕೇಳೂದಿಲ್ಲ," ಎಂದು ಹೊರಟುಹೋದರು.

ಕಾಕೂಗೆ ನೋವಾಗಬಾರದಂತೆ! ಹೆಂಡತಿಯ ಮೇಲಿನ ಪ್ರೀತಿಯ ತುಕ್ಕು ನನ್ನ ಹೆಸರಿಗೆ ಹಚ್ಚುವುದು ಯಾವ ಪ್ರೀತಿ?

೧೭ ಅಕ್ಟೋಬರ್

ಇಂದು ಏಳನೆಯ ಸಲಕ್ಕೇ ಬಾಟಲಿ ಎಸೆದೆ.

೧೯ ಅಕ್ಟೋಬರ್, ಭಾನುವಾರ, ಮಧ್ಯಾಹ್ನ ಎರಡೂವರೆ

ಅವಸರದಲ್ಲಿ ಬರೆಯುತ್ತಿದ್ದೇನೆ. ಹೊರಗೆ ಬೈಕಿನ ಹತ್ತಿರ ಕಾಕೂ ನಿಂತಿದ್ದಾರೆ. ಭರಮಪ್ಪ ಮಾಮಾ ಕ್ಯಾನಿನಲ್ಲಿ ಪೆಟ್ರೋಲ್ ತರಲು ಹೋಗಿದ್ದಾರೆ, ತಾವಾಗಿ. ಇಷ್ಟು ವರ್ಷದಲ್ಲಿ ಇದೇ ಮೊದಲು.

ಸ್ವಲ್ಪ ಹೊತ್ತಿನ ಹಿಂದೆ ವರ್ಕ್‌ಶಾಪಿಗೆ ಬಂದರು ಕಾಕೂ, ದೀಪಾವಳಿಯ ಚಕ್ಕಲಿ ಡಬ್ಬಿ ಹಿಡಿದು. ಡಬ್ಬಿ ಕೊಡಲಿಲ್ಲ. ಎದೆಗೆ ಒತ್ತಿಕೊಂಡು ನಿಂತರು.

"ಇವರು ಒಂದ ವಾರದಿಂದ ನನ್ನ ಮುಖಾ ನೋಡವಲ್ರು, ಊಟಾ ಸರಿಯಾಗಿ ಮಾಡವಲ್ರು. ಊರಾಗ ನೋಡಿದ್ರ ನಿನ್ನ ಹೆಸರು. ಕಲ್ಮೇಶ, ಖರೇ ಹೇಳು. ನೀ ಕೆಡಿಸ್ಯೇನು?"

"ಇಲ್ರಿ ಕಾಕೂ."

"ಹಂಗಾದ್ರ ಯಾರು?"

ಲೇಥ್ ಬಂದ್ ಮಾಡಿದೆ. ಹೇಳಿದೆ. ಹೂವು, ನೀರು, ತುಕ್ಕು. ಕಾಕಾ ಬಂದಿದ್ದು. ಅವರ ಕಣ್ಣು ಮಂದ ಆಗಿಲ್ಲವೆಂಬುದು. ಅಳುತ್ತಾರೆ ಅಂದುಕೊಂಡಿದ್ದೆ. ನೆಲ ನೋಡುತ್ತ ನಿಂತೆ.

ಡಬ್ಬಿಯನ್ನು ಲೇಥಿನ ಮೇಲೆ ಕುಕ್ಕಿದರು. ಮುಚ್ಚಳ ಹಾರಿತು.

"ಇಪ್ಪತ್ತಾರು ವರ್ಷ! ಹೂವು ಬಾಯಿಗೆ ಇಡಬ್ಯಾಡ, ಬುಡಕ್ಕ ಇಡು ಅಂತ ಒಂದ ಮಾತು ಅಂದಿದ್ರ ಬುಡಕ್ಕ ಇಡತಿದ್ದೆ. ಅಷ್ಟಕ್ಕ ಸಾಯತಿದ್ನೇನು ನಾನು? ಅಷ್ಟು ಹುಚ್ಚಿ ಅಂತ ತಿಳಕೊಂಡಾರೇನು ನನ್ನ?"

ನನಗಿಂತ ಹೆಚ್ಚು ಸಿಟ್ಟಾದವರನ್ನು ಮೊದಲ ಸಲ ನೋಡಿದೆ.

"ಮೀಟಿಂಗ್ ಎಷ್ಟಕ್ಕದ?"

"ನಾಕಕ್ರಿ. ಕಾಕಾ ಆಗಲೇ ಕಾರಿನ್ಯಾಗ ಹೋಗ್ಯಾರ."

"ಹೋಗ್ಲಿ. ನಿನ್ನ ಹಿಂದ ಕೂಡತೀನಿ. ಗಾಡಿ ಜೋರ ಹೊಡಿ, ಅಂಜಂಗಿಲ್ಲ ನಾ."

ಕಿತ್ತೂರು, ನಾಲ್ಕೂವರೆ

ಕ್ಲಬ್ಬಿನ ಹೊರಗೆ ಬೇವಿನ ಮರದ ಕೆಳಗೆ. ಕಾಕೂ ಸೀದಾ ಒಳಗೆ ಹೋದರು. ಸಚಿನ ಬಾಗಿಲು ಹಾಕಿಕೊಂಡ. ಆದರೂ ಕಾಕೂ ದನಿ ಹೈವೇ ಲಾರಿಗಳನ್ನೂ ಮೀರಿ ಕೇಳುತ್ತಿದೆ. ಕಾಕಾರದು ಕೇಳುತ್ತಿಲ್ಲ.

ಬಸವಲಿಂಗ ಸರ್ ಈಗ ಹೊರಗೆ ಬಂದರು. ಬೆವರಿದ್ದಾರೆ. "ಲೇ, ಆ ಎರಡೂ ಟಾರ್ಗೆಟ್ ಕಾಗದ ಎಲ್ಲಿಟ್ಟಿಯೋ? ಮಾತು ಬ್ಯಾಡ, ನನ್ನ ಕಣ್ಣಿಗೆ ತೋರಿಸ್ರಿ ಅಂತ ಭಾಗೀರಥಿಬಾಯಾರು ಕುಂತಾರ. ನೀನಽ ತಗೊಂಡು ಬಾ."

ಎರಡೂ ನನ್ನ ಚೀಲದಲ್ಲೇ ಇವೆ. ರೊಟ್ಟಿಯದು, ಪೇಡೆಯದು.

ಒಳಗೆ ಹೋಗುವ ಮುಂಚೆ ಒಂದು ಬರೆದಿಡಬೇಕು. ಪೂಜೆಯ ದಿನವೇ ಬರೆಯಬೇಕಿತ್ತು, ಬಿಟ್ಟಿದ್ದೆ. ನಳಿಕೆಯ ಬಾಯಲ್ಲಿ ಆ ಹೂವು ಬಹಳ ಚಂದ ಕಂಡಿತ್ತು. ಕಾಕೂ ಕೇಳಿದರೆ ಅದನ್ನೂ ಹೇಳುತ್ತೇನೆ.