ಫುಲ್ಲರ್ ದೊರೆಯ ವಂಶದವರು

ಕಟ್ಟಾಯ,
೧೨ ಫೆಬ್ರವರಿ ೨೦೨೫, ಬುಧವಾರ

ನನ್ನ ಮುದ್ದು ಯಶುಗೆ ಅಮ್ಮನ ತುಂಬು ಆಶೀರ್ವಾದ.

ಮೊಬೈಲು ಇರುವಾಗ ಇದ್ಯಾತರ ಕಾಗದ ಅಂತ ನಗಬೇಡ. ನೀನು ಅರಕಲಗೂಡಿನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಫೋನಿಗೆ ಸಿಗುವ ಹೊತ್ತಿಗೆ ನಿಮ್ಮಪ್ಪ ನನ್ನ ಪಕ್ಕದಲ್ಲಿ ಕೂತು ಸ್ಪೀಕರ್ ಹಾಕು ಅನ್ನುತ್ತಾರೆ. ಅವರ ಕಿವಿಗೆ ಬಿದ್ದ ಮಾತು ಮಾರನೆಯ ದಿನ ಟೀ ಅಂಗಡಿಯ ಬೆಂಚಿನ ಮೇಲಿರುತ್ತದೆ. ಅಂಗನವಾಡಿಯ ಮಕ್ಕಳು ಊಟ ಮಾಡಿ ಮಲಗಿವೆ. ಅವುಗಳ ನಡುವೆ ಕೂತು ಬರೆಯುತ್ತಿದ್ದೇನೆ.

ವೀಳ್ಯದ ಶಾಸ್ತ್ರಕ್ಕೆ ಅಂತ ಹಾಸನದಲ್ಲಿ ನಿನಗೆ ಸೀರೆ ನೋಡಿಬಂದೆ. ಗಿಳಿಹಸಿರು, ಅಗಲವಾದ ಕೆಂಪಂಚು. ನೀನು ಮುಖ ಸಿಂಡರಿಸಿದರೆ ನಾನೇ ಉಡುತ್ತೇನೆ. ಇಷ್ಟೇ ಬರೆದು ಕಾಗದ ಮಡಿಸಿಬಿಡೋಣ ಅನ್ನಿಸುತ್ತಿದೆ ಕಣೇ. ಆದರೆ ಆಗುವುದಿಲ್ಲ. ಆ ಇಂಗ್ಲೆಂಡಿನವರು ತಗೊಂಡು ಹೋಗಿದ್ದ ಎಂಜಲಿನ ರಿಪೋರ್ಟು ಬಂದಿದೆ.

ಅವರು ಮನೆಗೆ ಬಂದ ದಿನ ನೀನು ಇರಲಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ನಿಮ್ಮಣ್ಣ ಮಧುವಿನ ಕಾರನ್ನು ಶ್ರವಣಬೆಳಗೊಳದಲ್ಲಿ ಬಾಡಿಗೆಗೆ ಹಿಡಿದವರು ಆ ರಿಟೈರ್ಡ್ ಮೇಷ್ಟ್ರು. ಹೆಸರು ಫುಲ್ಲರ್. ಅವರ ಮುತ್ತಾತನ ಅಣ್ಣ ಹಿಂದೆ ಈ ಕಡೆಗೆ ರೈಲು ದಾರಿ ಅಳೆಯಲು ಬಂದಿದ್ದರಂತೆ, ಅವರು ಡೇರೆ ಹಾಕಿದ ಜಾಗ ನೋಡಬೇಕಂತೆ. ಮಧುವಿಗೆ ತಡೆಯಲಾಗಲಿಲ್ಲ. 'ಸಾ, ನಾವೂ ಅದೇ ಪುಲ್ಲರ್ ದೊರೆ ಕಡೆಯೋರು ಕಣ್ ಸಾ' ಅನ್ನುವುದನ್ನು ಇದ್ದಬದ್ದ ಇಂಗ್ಲಿಷಿನಲ್ಲಿ ಹೇಳಿ ಮನೆಗೇ ಕರೆತಂದ. ನಿಮ್ಮಪ್ಪನ ಅಪ್ಪ, ನಿಮ್ಮ ತಾತ ಚೆಲುವಯ್ಯನವರಿಗೆ ಅಂದು ಹಬ್ಬ. ಬೆಕ್ಕಿನ ಕಣ್ಣು ಅರಳಿಸಿಕೊಂಡು ಕಥೆ ಶುರು ಮಾಡಿದರು. ಅವರ ಅಜ್ಜಿ ಲಕ್ಕಮ್ಮ ದೊರೆಯ ಡೇರೆಗೆ ನೀರು ಹೊರುತ್ತಿದ್ದಳು, ದೊರೆ ಹೋದ ಮೇಲೆ ಬೆಳ್ಳಗಿನ, ಬೆಕ್ಕಿನ ಕಣ್ಣಿನ ಗಂಡು ಕೂಸು ಹುಟ್ಟಿತು, ಅದೇ ನಮ್ಮಪ್ಪ ಅಂತ. ಊರವರು ನಮ್ಮನ್ನು ದೊರೆ ಮನೆಯವರು ಅನ್ನುತ್ತಿದ್ದುದರಲ್ಲಿ ತಮಾಷೆ ಎಷ್ಟು, ತಾತ್ಸಾರ ಎಷ್ಟು ಅಂತ ನಮಗೆಲ್ಲ ಗೊತ್ತು. ತಾತ ಮಾತ್ರ ಎರಡನ್ನೂ ಬಿರುದು ಅಂತಲೇ ಹೊತ್ತುಕೊಂಡು ತಿರುಗಿದರು.

ಆ ಮೇಷ್ಟ್ರು ಜಗತ್ತಿನ ಫುಲ್ಲರ್‌ಗಳ ಬಗ್ಗೆಯೇ ಪುಸ್ತಕ ಬರೆಯುತ್ತಿದ್ದಾರೆ. ಫುಲ್ಲರ್ ಅಂದರೆ ಏನು ಗೊತ್ತಾ? ಉಣ್ಣೆ ಬಟ್ಟೆ ತುಳಿಯುವವನು. ನೇಯ್ದ ಬಟ್ಟೆಯನ್ನು ತೊಟ್ಟಿಗೆ ಹಾಕಿ, ಹುಳಿತ ಉಚ್ಚೆ ಸುರಿದು, ದಿನವಿಡೀ ಅದರಲ್ಲಿ ನಿಂತು ತುಳಿದು ಹದ ಮಾಡುವ ಕಸುಬು. ಅವರ ದೇಶದ ದಕ್ಷಿಣಕ್ಕೆ, ಪೂರ್ವಕ್ಕೆ ಈ ಕಸುಬಿನವರು ಫುಲ್ಲರ್, ಪಶ್ಚಿಮದ ಮೂಲೆಗೆ ಹೋದರೆ ಟಕ್ಕರ್, ಉತ್ತರದ ಕಡೆ ವಾಕರ್. ಹೆಸರು ನೋಡಿದರೆ ಹಿರಿಯರು ಯಾವ ಸೀಮೆಯವರು ಅಂತ ಅಂದಾಜು ಮಾಡಬಹುದಂತೆ. ಮಧು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ತಾತನ ಮುಖ ಇಳಿದುಹೋಯಿತು. 'ಅಂಗಾರೆ ಅವ್ನು ದೊರೆ ಅಲ್ವಾ? ಬಟ್ಟೆ ತುಳಿಯೋನಾ?' ಅಂದರು. ಮೇಷ್ಟ್ರು ಬಿದ್ದುಬಿದ್ದು ನಕ್ಕರು. ನನಗೆ ನಗು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಉಚ್ಚೆಯಲ್ಲಿ ನಿಂತ ಕಸುಬನ್ನು ಹೆಸರಿಗೇ ಅಂಟಿಸಿಕೊಂಡು ಆ ಮನುಷ್ಯ ಎಲ್ಲರಿಗೂ ಕಾರ್ಡು ಹಂಚುತ್ತಾರೆ. ನೀನು ಅರಕಲಗೂಡಿನಲ್ಲಿ ರೂಮು ಕೇಳಲು ಹೋದಾಗ ನಾವು ಯಾವ ಕೇರಿಯವರು ಅನ್ನುವುದನ್ನು ಎಷ್ಟು ನಾಜೂಕಾಗಿ ನುಂಗಿದೆ, ನೆನಪಿದೆಯಾ?

ಮೇಷ್ಟ್ರ ಹತ್ತಿರ ಎರಡು ಟ್ಯೂಬು ಇದ್ದವು. ಅಪ್ಪನಿಂದ ಮಗನಿಗೆ, ಆ ಮಗನಿಂದ ಅವನ ಮಗನಿಗೆ ಮಾತ್ರ ಇಳಿಯುವ ಒಂದು ಗುರುತನ್ನು ಎಂಜಲಿನಲ್ಲಿ ನೋಡುತ್ತಾರಂತೆ. ಒಂದಕ್ಕೆ ಮಧು ಉಗಿದ. ಅಷ್ಟರಲ್ಲಿ ನಿನ್ನ ದಿಲೀಪ ಬೈಕಿನಲ್ಲಿ ಬಂದ. 'ನಮ್ದೂ ನೋಡ್ಬುಡ್ಲಿ, ನಾವ್ಯಾವ ದೊರೆನೋ' ಅಂತ ಇನ್ನೊಂದಕ್ಕೆ ಅವನೂ ಉಗಿದ. ಅವರ ಮನೆಯ ಎಂಜಲೂ ನಮ್ಮ ಮನೆಯ ಎಂಜಲೂ ಒಂದೇ ಡಬ್ಬಿಯಲ್ಲಿ ವಿಮಾನ ಹತ್ತುತ್ತವಲ್ಲ ಅಂತ ಎಲ್ಲರೂ ನಕ್ಕೆವು.

ದಿಲೀಪನ ತಾತ ನಂಜಪ್ಪನವರು ನಿಮ್ಮ ಮದುವೆಗೆ ಹೇಗೆ ಒಪ್ಪಿದರು ಅಂತ ನಿನಗೆ ಪೂರ್ತಿ ಹೇಳಿರಲಿಲ್ಲ. ಮೊಮ್ಮಗ ಹಟ ಹಿಡಿದ, ತಾತ ಕರಗಿದರು ಅಂತ ನೀನು ತಿಳಿದಿದ್ದೀಯ. ಕರಗಿದ್ದು ನಿಜ. ಆದರೆ ಬಾಯಿ ಮಾಡಿದ ನೆಂಟರಿಗೆ ಅವರು ಹೇಳಿದ್ದು, 'ಬರೀ ಆ ಕೇರಿಯೋರು ಅಂದ್ಕೋಬ್ಯಾಡ್ರಿ, ದೊರೆ ರಕ್ತ ಐತೆ ಕಣ್ರೋ' ಅಂತ. ಇಂಥದೊಂದು ರಿಪೋರ್ಟು ಬರಲಿದೆ ಅಂತ ತಿಳಿದ ಮೇಲಂತೂ ಈ ದಾರಿಯಲ್ಲಿ ಹಾದಾಗಲೆಲ್ಲ 'ಕಾಗ್ದ ಬಂತೇನವ್ವಾ? ಅದೊಂದು ಬಂದ್ಬುಟ್ರೆ ಎಲ್ಲಾರ ಬಾಯೂ ಮುಚ್ಚೋಯ್ತದೆ' ಅನ್ನುತ್ತಿದ್ದರು. ನಿನ್ನ ಓದು, ನಿನ್ನ ಕೆಲಸ, ನಿನ್ನ ಗುಣ ಯಾವುದೂ ಸಾಲದೆ ಒಬ್ಬ ಬಟ್ಟೆ ತುಳಿಯುವವನ ಮೊಮ್ಮಗನ ರಕ್ತ ಬೇಕಾಯಿತಲ್ಲ ಅಂತ ನನಗೆ ಉರಿದುಹೋಗಿತ್ತು. ಆದರೂ ನುಂಗಿಕೊಂಡೆ. ಫುಲ್ಲರ್ ಅಂತಲೇ ಬರಲಪ್ಪಾ ಅಂತ ಮನೆದೇವರಿಗೆ ಹರಕೆಯನ್ನೂ ಹೊತ್ತೆ.

ಭಾನುವಾರ ಮಧುವಿನ ಮೊಬೈಲಿಗೆ ಬಂತು. ಆ ಮೇಷ್ಟ್ರ ಮನೆತನದ ಗುರುತಿಗೂ ನಮ್ಮದಕ್ಕೂ ಏನೇನೂ ಸಂಬಂಧವಿಲ್ಲ. ನಾನು ಬಿಡಲಿಲ್ಲ. ಊರೂರಿಗೂ ಒಬ್ಬ ಬಟ್ಟೆ ತುಳಿಯುವವನಿದ್ದ, ಎಲ್ಲ ಫುಲ್ಲರ್‌ಗಳೂ ಒಂದೇ ವಂಶವಲ್ಲ ಅಂತ ಅವರೇ ಹೇಳಿದ್ದರಲ್ಲ, ನಮ್ಮದು ಬೇರೆ ಊರಿನ ಫುಲ್ಲರ್ ಇರಬೇಕು ಅಂತ ವಾದ ಮಾಡಿದೆ. ಮಧು ಇನ್ನಷ್ಟು ಕೆಳಗೆ ಸರಿಸಿ ತೋರಿಸಿದ. ನಮ್ಮ ಗುರುತಿಗೆ ಸರಿಯಾಗಿ ಕೂರುವ ಗುರುತು ಅದೇ ಡಬ್ಬಿಯಲ್ಲಿತ್ತು. ಅದು ದಿಲೀಪನದು.

ಅರ್ಥವಾಯಿತಾ ಮಗಳೇ? ನಾಲ್ಕೈದು ತಲೆಮಾರಿನ ಹಿಂದೆ ಇಬ್ಬರಿಗೂ ಒಬ್ಬನೇ ಗಂಡಸು ಮೂಲ. ಲಕ್ಕಮ್ಮಜ್ಜಿ ಡೇರೆಗೆ ನೀರು ಹೊತ್ತದ್ದು ಆ ಒಂದು ಬೇಸಿಗೆ. ಉಳಿದ ಕಾಲವೆಲ್ಲ ನಂಜಪ್ಪನವರ ಮನೆಯ ಕೊಟ್ಟಿಗೆಯಲ್ಲೇ ಕೆಲಸ. ಅವರ ನಡುಮನೆಯಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದಾರಲ್ಲ ಮೀಸೆಯ ಯಜಮಾನರು, ನಂಜಪ್ಪನವರ ತಾತ, ಅವರೋ ಇಲ್ಲ ಅವರ ತಮ್ಮನೋ. ನಂಜಪ್ಪನವರ ಅಕ್ಕನಿಗೂ ಬೆಕ್ಕಿನ ಕಣ್ಣೇ ಇತ್ತು. ಆ ಮನೆಯಲ್ಲಿ ಅದನ್ನು ಲಕ್ಷಣ ಅಂದರು, ನಮ್ಮ ಮನೆಯಲ್ಲಿ ದೊರೆ ಅಂದರು. ಇಷ್ಟು ವರ್ಷ ನನಗೂ ಹೊಳೆಯಲಿಲ್ಲ.

ಅಜ್ಜಿ ಯಾಕೆ ದೊರೆಯ ಹೆಸರು ಹೇಳಿದಳು ಅಂತ ಈಗ ತಿಳಿಯುತ್ತದೆ. ಅವನು ಡೇರೆ ಕಿತ್ತು ಹೋಗಿಯಾಗಿತ್ತು, ಅವನನ್ನು ಯಾರೂ ಹೋಗಿ ಕೇಳುವ ಹಾಗಿರಲಿಲ್ಲ. ಯಜಮಾನರ ಹೆಸರು ಬಾಯಿಗೆ ಬಂದಿದ್ದರೆ ಕೂಸಿನ ಸಮೇತ ಊರು ಬಿಡಬೇಕಿತ್ತು. ಅವಳನ್ನು ನೆನೆದರೆ ಕಣ್ಣಲ್ಲಿ ನೀರು ನಿಲ್ಲುವುದಿಲ್ಲ. ನಿಮ್ಮ ತಾತನೂ ನಂಜಪ್ಪನವರೂ ಹತ್ತಿರದ ದಾಯಾದಿಗಳು ಕಣೇ! ಅವರು ಜಗುಲಿಯ ಮೇಲೆ, ಇವರು ಜಗುಲಿಯ ಕೆಳಗೆ ಕೂತು ಇಡೀ ಆಯಸ್ಸು ಮಾತಾಡಿದ್ದಾರೆ.

ಇದು ಬಹಳ ದೂರದ ರಕ್ತ, ಡಾಕ್ಟರೂ ಬೇಡ ಅನ್ನುವುದಿಲ್ಲ ಅಂತ ಮಧು ಹೇಳುತ್ತಾನೆ. ನಾನು ನಿಮ್ಮಪ್ಪನಿಗೆ ಸ್ವಂತ ಸೋದರಮಾವನ ಮಗಳು, ನಮ್ಮಿಬ್ಬರ ರಕ್ತವೇ ಇದಕ್ಕಿಂತ ಹತ್ತಿರವಂತೆ. ನರ್ಸ್ ಆದ ನೀನೂ ಹಾಗೇ ಹೇಳುತ್ತೀಯ. ಆದರೆ ನಮ್ಮವರ ಲೆಕ್ಕ ಬೇರೆ. ಸೋದರಮಾವನ ಮಗಳು ಹೆಂಡತಿಯಾಗಬಹುದು, ಗೋತ್ರದ ಹಾಗೆ ಒಂದೇ ಬೆಡಗಿನವಳು ಹತ್ತು ತಲೆಮಾರು ಆಚೆಯವಳಾದರೂ ತಂಗಿ. ಬೆಡಗು ಇಳಿಯುವುದೂ ಅಪ್ಪನಿಂದ ಮಗನಿಗೆ, ಆ ಹಾಳು ಟ್ಯೂಬು ನೋಡುವುದೂ ಅದನ್ನೇ. ಈ ವಿಷಯ ಹೊರಬಿದ್ದ ದಿನವೇ ನೀನೂ ದಿಲೀಪನೂ ಅಣ್ಣತಂಗಿ ಆಗಿಬಿಡುತ್ತೀರಿ. ಒಂದು ಲೋಟ ನೀರನ್ನು ಕೈಯಿಂದ ಕೈಗೆ ಕೊಡದವರು ಮದುವೆ ಮುರಿಯುವುದಕ್ಕೆ ಮಾತ್ರ ನಮ್ಮನ್ನು ದಾಯಾದಿಗಳು ಅಂತ ಒಪ್ಪಿಕೊಳ್ಳುತ್ತಾರೆ.

ಅಳಿಸಿಬಿಡಲಾ ಅಂತ ಮಧು ಕೇಳುತ್ತಿದ್ದಾನೆ. ಇಲ್ಲಿ ಅಳಿಸಿದರೆ ಆ ಮೇಷ್ಟ್ರ ಹತ್ತಿರ ಇರುವುದು ಹೋಗುತ್ತದೆಯೇ? ಇವತ್ತು ಬೆಳಿಗ್ಗೆಯೂ ನಂಜಪ್ಪನವರು ಕೇಳಿದರು, ಇನ್ನೂ ಬಂದಿಲ್ಲ ಅಂದೆ. ನನ್ನ ನಾಲಗೆಯೇ ನನಗೆ ಬೇರೆ ಯಾರದೋ ಅನ್ನಿಸಿತು. ಆ ಮೀಸೆಯ ಫೋಟೋಗೆ ನೀನು ಸೊಸೆಯಾಗಿ ಕೈಮುಗಿಯುವುದನ್ನು ನೆನೆದರೆ ಮೈ ಉರಿಯುತ್ತದೆ. ನೀನು ದಿಲೀಪನನ್ನು ಬಿಟ್ಟು ಆ ರೂಮಿನಲ್ಲಿ ಒಬ್ಬಳೇ ಕೂತಿರುವುದನ್ನು ನೆನೆದರೆ ಕೈಕಾಲು ಆಡುವುದಿಲ್ಲ. ಯಾವ ಕಡೆಗೆ ತಿರುಗಲಿ ಹೇಳು.

ದಿಲೀಪನಿಗೆ ಹೇಳುವುದೋ ಬಿಡುವುದೋ ನಿನಗೇ ಬಿಟ್ಟಿದ್ದೇನೆ. ನೀನು ಮುಚ್ಚಿಡು ಅಂದರೆ ನಾನು ಉಸಿರಿರುವವರೆಗೂ ಬಾಯಿ ಬಿಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಏನೂ ಮಾಡಲಾರದೆ ಕೂತಿರುವ ನಿನ್ನ ಅಮ್ಮ,
ಲತಾ

ತಾ.ಕ.: ನಿನಗೇ ಬಿಟ್ಟಿದ್ದೇನೆ ಅಂತ ಬರೆದೆ, ಬಿಡಲಾಗಲಿಲ್ಲ. ಅಂಚೆಗೆ ಹಾಕಲು ಹೊರಟವಳಿಗೆ ದಿಲೀಪನ ಗಾಡಿ ಎದುರಾಯಿತು. ಅರಕಲಗೂಡಿಗೆ ಡ್ರಿಪ್ ಪೈಪು ಇಳಿಸಲು ಹೊರಟಿದ್ದಾನೆ. 'ಅತ್ತೆ, ಯಶುಗೇನಾರ ಕೊಡೋದೈತಾ?' ಅಂತ ಕೇಳಿದ. ಎಷ್ಟು ಅಕ್ಕರೆಯಿಂದ ಅತ್ತೆ ಅಂದ. ಈ ಕಾಗದದ ಲೆಕ್ಕದಲ್ಲಿ ನಾನು ಅವನಿಗೆ ಚಿಕ್ಕಮ್ಮ. ಅವನು ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾನೆ, ನಾನು ಅಂಗನವಾಡಿಯ ಬಾಗಿಲಲ್ಲಿ ನಿಂತು ಇದಿಷ್ಟು ಗೀಚುತ್ತಿದ್ದೇನೆ. ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಲಕೋಟೆಗೆ ಅಂಟು ಹಾಕಿಲ್ಲ.

ದಿಲೀಪಾ, ದಾರಿಯಲ್ಲಿ ಗಾಡಿ ನಿಲ್ಲಿಸಿ ನೀನು ಇದನ್ನು ಓದಿದ್ದರೆ ನಾನು ಬಯ್ಯುವುದಿಲ್ಲಪ್ಪ. ಅಲ್ಲಿಂದ ಹಿಂದಕ್ಕೆ ಮಾತ್ರ ತಿರುಗಬೇಡ. ಅವಳ ಕೈಗೆ ಕೊಡು, ಅವಳು ಓದಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿರು.